ಕ್ಯಾನ್‌ಬೆರಾಗೆ ತುಂಬಿದ ಉಡಿ

ವಾಯುದಳದ ಕ್ಯಾಂಪ್
೬ ನವೆಂಬರ್ ೧೯೯೬

ಪ್ರೀತಿಯ ಅತ್ತೆಯವರಿಗೆ,

ನಿಮಗೂ ಮಾವನವರಿಗೂ ನಿಮ್ಮ ಸೊಸೆ ಶೈಲಜಾಳ ಶರಣು. ಮೊದಲು ಊಟ, ನಿದ್ದೆ, ಚಳಿ ಎಲ್ಲ ಬರೆಯಬೇಕು, ಆಮೇಲೆ ಬೇರೆ ಮಾತು ಎಂದು ಇವರು ಹೇಳಿಕೊಟ್ಟಿದ್ದಾರೆ. ಅದನ್ನು ಕೊನೆಗೆ ಬರೆಯುತ್ತೇನೆ. ಯಾಕೆಂದರೆ ಅತ್ತೆ, ನಿನ್ನೆ ನಾನು ಬಾಂಬು ಹಾಕುವ ವಿಮಾನದೊಳಗೆ ಕೂತು ಬಂದಿದ್ದೇನೆ!

ನಿಮ್ಮ ಮಗ ನೋಡಿಕೊಳ್ಳುವ ವಿಮಾನವೇ ಅದು. ಹೆಸರು ಕ್ಯಾನ್‌ಬೆರಾ. ಎಪ್ಪತ್ತೊಂದರ ಯುದ್ಧದಲ್ಲಿ ಕತ್ತಲಲ್ಲಿ ಗಡಿ ದಾಟಿ, ಬಾಂಬು ಹಾಕಿ, ಬೆಳಗಾಗುವುದರೊಳಗೆ ತಿರುಗಿ ಬರುತ್ತಿತ್ತಂತೆ. ಆಗ ನಿಮ್ಮ ಮಗ ತೊಟ್ಟಿಲಲ್ಲಿದ್ದರು, ನಾನಂತೂ ಹುಟ್ಟಿರಲೇ ಇಲ್ಲ. ಮದುವೆಯಲ್ಲಿ ನನ್ನ ಬೆಳಗಾವಿಯ ಕಾನ್ವೆಂಟ್ ಗೆಳತಿಯರು ವರ ಏನು ಮಾಡುತ್ತಾನೆ ಎಂದಾಗ ನಾನು ವಿಮಾನ ಎಂದಷ್ಟೇ ಹೇಳಿದ್ದೆ. ಅವರು ಪೈಲಟ್ ಎಂದುಕೊಂಡರು, ನಾನು ತಿದ್ದಲಿಲ್ಲ. ಈಗ ಎಲ್ಲರಿಗೂ ಪತ್ರ ಬರೆದು ತಿದ್ದುತ್ತೇನೆ. ಕಾಕ್‌ಪಿಟ್‌ನ ಕುರ್ಚಿ, ಹಿಡಿಕೆ, ತಂತಿ ಎಲ್ಲ ಪರೀಕ್ಷಿಸಿ ಇವರು ಸಹಿ ಹಾಕದೆ ಪೈಲಟ್ ಏಣಿಯನ್ನೇ ಹತ್ತುವಂತಿಲ್ಲ!

ವರ್ಷಕ್ಕೊಮ್ಮೆ ಮನೆಯವರನ್ನು ಒಳಗೆ ಬಿಡುತ್ತಾರೆ. ಏಣಿಯ ಬಳಿ ಇವರೇ ನಿಂತಿದ್ದರು. ನನ್ನ ಹೇರ್‌ಪಿನ್, ಸೆರಗಿನ ಪಿನ್, ಕಿವಿಯ ಝುಮಕಿ ಎಲ್ಲ ತೆಗೆಸಿ ಒಂದು ಡಬ್ಬಿಯಲ್ಲಿ ಹಾಕಿದರು. ಮದುವೆಯ ಹಸಿರು ಬಳೆ ತೆಗೆಯುವುದಿಲ್ಲ ಎಂದು ನಾನು ಹಟ ಹಿಡಿದದ್ದಕ್ಕೆ ಎರಡೂ ಕೈಗೆ ಕರವಸ್ತ್ರ ಸುತ್ತಿದರು. ನಾನು ನಕ್ಕರೆ ಇವರು ನಗಲಿಲ್ಲ.

"ಅಕಿ ಹೊಟ್ಟ್ಯಾಗ ಒಂದ ಟಾಚಣಿ ಬಿದ್ರೂ ಸಾಕು, ಮ್ಯಾಲೆ ಹೋದಾಗ ಹಿಡಿಕಿ ಸಿಗಿಬೀಳತೈತಿ. ಆಮ್ಯಾಲೆ ಪೈಲಟ್ ಎಷ್ಟ ತಿರುವಿದ್ರೂ ಅಕಿ ತಿರಗೂದಿಲ್ಲ."

ಅಕಿ ಎಂದರೆ ವಿಮಾನ. ಮೊದಲ ಸಲ ಕೇಳಿದಾಗ ನನಗೆ ಸ್ವಲ್ಪ ಹೊಟ್ಟೆಕಿಚ್ಚೂ ಆಯಿತು.

ಮೂಗಿನ ಬಲಬದಿಯಲ್ಲಿ ಒಂದು ಪುಟ್ಟ ಬಾಗಿಲು. ಕುಕ್ಕರಗಾಲಲ್ಲಿ ನುಸುಳಬೇಕು. ನಿಮ್ಮ ಮನೆಯ ನೆಲದಡಿಯ ಜೋಳದ ಹಗೇವಿನೊಳಗೆ ಇಣುಕಿದಾಗ ಆಗಿದ್ದಂಥದೇ ತಂಪು, ಅದೇ ಮುಚ್ಚಿಟ್ಟ ವಾಸನೆ. ಆದರೆ ಜೋಳದ್ದಲ್ಲ, ಎಣ್ಣೆಯದು, ರಬ್ಬರಿನದು, ಯಾರೋ ಬಹಳ ಹಿಂದೆ ಬೆವರಿದ್ದರ ವಾಸನೆ. ಪೈಲಟ್ ಕುರ್ಚಿಯಲ್ಲಿ ಕೂತರೆ ಮುಂದೆ ಗಡಿಯಾರದ ಅಂಗಡಿಯನ್ನೇ ತಂದು ಗೋಡೆಗೆ ಬಡಿದಂತೆ ಕಪ್ಪು ಮುಖದ ಮುಳ್ಳುಗಳು. ಹಿಡಿಕೆಯ ಮೇಲೆ ಹೆಬ್ಬೆರಳು ಊರುವಲ್ಲಿ ಬಣ್ಣ ಸವೆದು ನಿಮ್ಮ ಬೀಸುಕಲ್ಲಿನ ಗೂಟದಂತೆ ಹೊಳೆಯುತ್ತಿತ್ತು. ನಾನು ಅಲ್ಲೇ ನನ್ನ ಹೆಬ್ಬೆರಳು ಇಟ್ಟೆ. ಮೈಯೆಲ್ಲ ಜುಮ್ಮೆಂದಿತು!

ಮೂಗಿನ ತುದಿಯಲ್ಲಿ ಗಾಜು. ದಾರಿ ತೋರಿಸುವವನು ಅಲ್ಲಿ ಬೋರಲು ಮಲಗಿ ಕೆಳಗಿನ ಊರುಗಳನ್ನು ನೋಡುತ್ತಿದ್ದನಂತೆ. ನಾನೂ ಮಲಗಿದೆ. ಕಂಡದ್ದು ಸಿಮೆಂಟು ನೆಲ ಮತ್ತು ಇವರ ಬೂಟು. ಯುದ್ಧದಲ್ಲಿ ಅವನಿಗೆ ಕಂಡ ಊರು ನಮ್ಮ ನೇಸರಗಿಯಷ್ಟೇ ಇದ್ದಿರಬಹುದು, ಅಲ್ಲಿಯೂ ಯಾರೋ ದೀಪ ಆರಿಸಿ ಕೂತಿರಬಹುದು ಎನಿಸಿ ಎದ್ದು ಕೂತೆ. ಆಮೇಲೆ ಇವರು ಮಾತು ಶುರು ಮಾಡಿದರು ನೋಡಿ, ನಿಲ್ಲಿಸಲೇ ಇಲ್ಲ. ಮನೆಯಲ್ಲಿ ಹೂಂ ಎಂದರೆ ಹಬ್ಬ. ಅಲ್ಲಿ ಒಂದೊಂದು ಗುಂಡಿಯ ಕಥೆಯನ್ನೂ ಹೇಳಿದರು. ನಾನು ಮದುವೆಯಾದವರು ಇವರೇ ಏನು ಎಂದು ತಿರುಗಿ ತಿರುಗಿ ನೋಡಿದೆ.

ಪಾಪ, ಅದು ಇದೇ ತಿಂಗಳ ಇಪ್ಪತ್ತೆಂಟಕ್ಕೆ ಬೇರೆ ಊರಿಗೆ ಹೊರಟಿದೆ. ಅಲ್ಲಿ ಪ್ರದರ್ಶನಕ್ಕೆ ಇಡುತ್ತಾರೆ, ಮತ್ತೆಂದೂ ಹಾರುವುದಿಲ್ಲ. ಅಂದು ವಿಮಾನದ ಮುಂದೆ ನಿಂತು, ಎರಡು ಕೈ ಎತ್ತಿ ದಾರಿ ತೋರಿಸಿ, ಸಲ್ಯೂಟ್ ಹೊಡೆದು ಕಳಿಸುವ ಗೌರವ ಯಾರಿಗೆ ಗೊತ್ತೇ? ನಿಮ್ಮ ಮಗನಿಗೆ! ಇಡೀ ಕ್ಯಾಂಪ್ ನೋಡುತ್ತದೆ. ಇವರು ಈಗಲೇ ಕನ್ನಡಿಯ ಮುಂದೆ ಕೈ ಎತ್ತಿ ಇಳಿಸುತ್ತಿದ್ದಾರೆ. ನಾನು ನೋಡಿದರೆ ತಲೆ ಬಾಚಿಕೊಳ್ಳುತ್ತಿರುವಂತೆ ನಟಿಸುತ್ತಾರೆ.

ನಿಮ್ಮ ಶೈಲಜಾ

*

ನೇಸರಗಿ
೧೫ ನವೆಂಬರ್ ೧೯೯೬

ಚಿರಂಜೀವಿ ಸೌಭಾಗ್ಯವತಿ ಶೈಲಾಗ ಅತ್ತಿ ಚನ್ನವ್ವನ ಆಶೀರ್ವಾದ.

ನನಗ ಪುಸ್ತಕದ ಭಾಷಾ ಬರೂದಿಲ್ಲ, ಮಾತಾಡಿದಂಗ ಬರಿತೇನಿ, ಓದ್ಕೋ. ನಿನ್ನ ಪತ್ರ ಬಂದಾಗ ನಿಮ್ಮ ಮಾವ ಕಬ್ಬಿನ ಟ್ರ್ಯಾಕ್ಟರ್ ತಗೊಂಡು ಎಂ.ಕೆ. ಹುಬ್ಬಳ್ಳಿ ಫ್ಯಾಕ್ಟರಿ ಮುಂದ ಪಾಳೆ ಹಚ್ಚಿ ನಿಂತಿದ್ರು. ಮನಿಗೆ ಬಂದ ಮ್ಯಾಲೆ ಓದಿ ಹೇಳಿದೆ. ಎಲ್ಲಾ ಕೇಳಿ, "ಊಟದ್ದು ಏನ ಬರದಾಳ?" ಅಂದ್ರು. ಕಡೀಕ ಬರಿತೇನಿ ಅಂದಾಕಿ ನೀ ಮರತೇಬಿಟ್ಟಿ.

ನಿಂಗರಾಜ ಅಷ್ಟ ಮಾತಾಡಿದಾ ಅಂತ ಓದಿ ನನಗೂ ಹೊಟ್ಟಿ ಉರೀತು. ನನ್ನ ಕೂಡ ಫೋನಿನ್ಯಾಗ ಆರಾಮ ಅದೀಯೇನವ್ವಾ ಅಂತಾನ, ಇಡತಾನ.

ನಿನ್ನ ಪತ್ರ ಓದಿದಾಗಿಂದ ಒಂದ ಮಾತು ಮನಸಿನ್ಯಾಗ ಕುಂತೈತಿ. ಆ ವಿಮಾನ ಇಷ್ಟ ವರ್ಷ ನಿಮ್ಮಲ್ಲೆ ದುಡದಾಳ, ಈಗ ಹೊಂಟ ನಿಂತಾಳ, ತಿರಗಿ ಬರೂದಿಲ್ಲ. ಮನಿ ಬಿಟ್ಟು ಹೋಗೂ ಹೆಣ್ಣಿಗೆ ಉಡಿ ತುಂಬದ ಕಳಸತೀರೇನು? ಸುಮ್ಮ ನಗಬ್ಯಾಡ. ನಮ್ಮ ಹಳೇ ಟ್ರ್ಯಾಕ್ಟರ್ ರಾಮದುರ್ಗದ ಅಂದಾನೆಪ್ಪಗ ಕೊಟ್ಟಾಗ ಅದರ ಸೀಟಿನ ಮ್ಯಾಲೆ ಕುಬಸದ ಖಣ ಹಾಸಿ ನಾನ ಉಡಿ ತುಂಬಿದೆ. ಅಂದಾನೆಪ್ಪ, "ಅಕ್ಕಾರ, ಒಂದ ಸೀರಿನೂ ಉಡಿಸಿಬಿಡ್ರಿ" ಅಂದ. ನಿಮ್ಮ ಮಾವ ನಾಚಿ ದನದ ಕೊಟ್ಟಿಗ್ಯಾಗ ಹೋಗಿ ಕುಂತ್ರು. ಈಗ ನೋಡು, ಬೈಲಹೊಂಗಲ ಪ್ಯಾಟಿಗೆ ಬಂದಾಗೆಲ್ಲಾ ಅಂದಾನೆಪ್ಪ ನಮ್ಮನಿಗೆ ಬಂದು, "ನಿಮ್ಮ ಮಗಳು ಆರಾಮ ಅದಾಳ್ರಿ, ಒಂದಿನ ದಾರ್‍ಯಾಗ ನಿಂತಿಲ್ಲ" ಅಂತ ಹೇಳೇ ಹೋಗತಾನ.

ನಿಮ್ಮ ಕ್ಯಾಂಪಿನ ಲಗಮಣ್ಣ ರಜಾ ಮುಗಿಸಿ ಹೊಂಟಾನ. ಅವನ ಕೈಯಾಗ ಖಣ, ಅಕ್ಕಿ, ಅರಿಷಿಣ ಬೇರು, ಅಡಕಿ, ಉತ್ತತ್ತಿ, ಕೊಬ್ಬರಿ ಬಟ್ಟಲ ಕಳಸೇನಿ. ಸವದತ್ತಿ ಎಲ್ಲಮ್ಮನ ಭಂಡಾರದ ಅರಿಷಿಣ ಪುಡಿನೂ ಐತಿ. ಮೊದಲ ಗಂಟ ಕಟ್ಟಿ ಒಯ್ದು ಇಡಬ್ಯಾಡ, ಅದು ಬುತ್ತಿ ಆಗತೈತಿ, ಉಡಿ ಆಗೂದಿಲ್ಲ. ಅಕಿ ಉಡ್ಯಾಗ ಖಣ ಹಾಸಿ, ನಿನ್ನ ಕೈಲೆ ಒಂದೊಂದ ಹಾಕಿ, ಆಮ್ಯಾಲೆ ಗಂಟ ಹಾಕು.

ನಿಂಗರಾಜನ್ನ ಕೇಳಾಕ ಹೋಗಬ್ಯಾಡ. ಗಂಡಸರನ್ನ ಕೇಳಿ ಯಾರರ ಉಡಿ ತುಂಬತಾರ?

ನಿಮ್ಮ ಅತ್ತಿ

*

ವಾಯುದಳದ ಕ್ಯಾಂಪ್
೨೪ ನವೆಂಬರ್ ೧೯೯೬

ಪ್ರೀತಿಯ ಅತ್ತೆಯವರಿಗೆ,

ಶರಣು. ಲಗಮಣ್ಣ ನಿನ್ನೆ ಬಂದರು. ಖಣ ಎಷ್ಟು ಚೆಂದ ಇದೆ! ಮಾವಿನ ಹಸಿರು, ಕೆಂಪು ಅಂಚು. ನನಗೇ ಇಟ್ಟುಕೊಳ್ಳಬೇಕು ಅನಿಸಿತು, ಆದರೆ ಹೊರಟವಳದ್ದನ್ನು ಕದಿಯಬಾರದೆಂದು ಬಿಟ್ಟೆ. ಎಲ್ಲವನ್ನೂ ಹಿಟ್ಟಿನ ಡಬ್ಬಿಯೊಳಗೆ ಬಚ್ಚಿಟ್ಟಿದ್ದೇನೆ. ಸಂಜೆ ನಿಮ್ಮ ಮಗ ಯಾವತ್ತೂ ಇಲ್ಲದ್ದು ಚಪಾತಿ ತಾವೇ ನಾದುತ್ತೇನೆ ಎಂದು ಎದ್ದರು. ನಾನು ಡಬ್ಬಿಯನ್ನು ಅಪ್ಪಿಕೊಂಡು ನಿಂತೆ. ಇಷ್ಟು ಪ್ರೀತಿಯ ಹೆಂಡತಿ ಸಿಕ್ಕಳು ಎಂದು ಖುಷಿಪಟ್ಟರು.

ಅತ್ತೆ, ವಿಮಾನಕ್ಕೆ ಉಡಿ ಎಲ್ಲಿರುತ್ತದೆ ಎಂದು ನಾನು ಬಹಳ ಯೋಚಿಸಿದೆ. ಬಾಂಬು ಇಡುವ ಹೊಟ್ಟೆಯಲ್ಲಿ ಇಟ್ಟರೆ, ಬಾಗಿಲು ತೆರೆದಾಗ ಕೊಬ್ಬರಿ ಬಟ್ಟಲು ಯಾರ ತಲೆಯ ಮೇಲೆ ಬೀಳುತ್ತದೋ! ಪೈಲಟ್ ಕುರ್ಚಿಯೇ ಸರಿ. ಅದೇ ಮಡಿಲಿನಂತೆ ತಗ್ಗಾಗಿದೆ. ಹೊರಡುವ ಹಿಂದಿನ ದಿನ ಪೂಜೆ ಇದೆ, ಮನೆಯವರನ್ನು ಕೊನೆಯ ಸಲ ಒಳಗೆ ಬಿಡುತ್ತಾರೆ. ಇವರಿಗೆ ಏನೂ ಹೇಳಿಲ್ಲ. ಟಾಚಣಿಯ ಮಾತು ಒಮ್ಮೊಮ್ಮೆ ನೆನಪಾಗುತ್ತದೆ, ಆದರೆ ನಾನು ಗಂಟು ಗಟ್ಟಿಯಾಗಿ ಹಾಕುತ್ತೇನೆ.

ಇಂಥ ಗುಟ್ಟಿನ ಕೆಲಸ ನಾನು ಜೀವನದಲ್ಲೇ ಮಾಡಿಲ್ಲ. ನನಗೆ ಎಷ್ಟು ಸಂತೋಷವಾಗಿದೆ ಎಂದರೆ ನಿನ್ನೆಯಿಂದ ಹತ್ತು ಸಲ ಆ ಡಬ್ಬಿ ತೆರೆದು ನೋಡಿದ್ದೇನೆ. ಎಲ್ಲ ಮುಗಿದ ಕೂಡಲೇ ಉದ್ದ ಪತ್ರ ಹಾಕುತ್ತೇನೆ.

ನಿಮ್ಮ ಶೈಲಜಾ

*

ವಾಯುದಳದ ಕ್ಯಾಂಪ್
೨ ಡಿಸೆಂಬರ್ ೧೯೯೬

ಅತ್ತೆಯವರಿಗೆ ಶರಣು.

ನಾವು ಆರಾಮವಾಗಿದ್ದೇವೆ. ಇಲ್ಲಿ ಮಂಜು ಬಹಳ. ವಿಮಾನ ಇನ್ನೂ ಹೋಗಿಲ್ಲ. ಉಡಿಯ ವಿಷಯ ಆಮೇಲೆ ಬರೆಯುತ್ತೇನೆ.

ಕೆಲವು ದಿನಗಳಿಂದ ನನಗೆ ಊಟ ಸೇರುತ್ತಿಲ್ಲ. ಅನ್ನ ಬೇಯುವ ವಾಸನೆಗೇ ಹೊಟ್ಟೆ ತೊಳಸುತ್ತದೆ. ಹೆಚ್ಚು ಹೊತ್ತು ಮಲಗಿಯೇ ಇರುತ್ತೇನೆ. ನಿಮ್ಮ ಮಗ ಹೊರಗಿನ ಕೋಣೆಯಲ್ಲಿ ಹಾಸಿಕೊಳ್ಳುತ್ತಾರೆ. ಬೇರೆ ಏನೂ ವಿಶೇಷವಿಲ್ಲ.

ಶೈಲಜಾ

*

ನೇಸರಗಿ
೧೦ ಡಿಸೆಂಬರ್ ೧೯೯೬

ನನ್ನ ಬಂಗಾರದಂಥ ಶೈಲಾಗ,

ಬರ್‍ಯಾಕ ನಾಚಿಕಿ ಬಂತೇನ, ಹುಚ್ಚಿ? ಅನ್ನದ ವಾಸನಿಗೆ ಹೊಟ್ಟಿ ತೊಳಸತೈತಿ ಅಂದ್ರ ಏನಂತ ನನಗ ಗೊತ್ತಾಗೂದಿಲ್ಲೇನು? ನಾ ಹಡದಾಕಿ ಅದೀನಿ. ಪತ್ರ ಓದಿದಾಕಿನ ದೇವರ ಮುಂದ ದೀಪಾ ಹಚ್ಚಿದೆ. ನೋಡು, ಅಕಿಗೆ ಉಡಿ ತುಂಬಿದಿ, ನಿನ್ನ ಉಡಿ ತುಂಬಿತು. ನಾ ಹೇಳಿದ್ದ ಮಾತು ಸುಳ್ಳಾತೇನು?

ಯಾರಿಗೂ ಹೇಳಿಲ್ಲ. ಬಾಜೂ ಮನಿ ರಾಚವ್ವಗ ಅಷ್ಟ ಹೇಳೇನಿ. ನಿಮ್ಮ ಮಾವಗ ಬಾಯಿ ಬಿಡಬ್ಯಾಡ್ರಿ ಅಂದಿದ್ದೆ. ಅವರು ಬೈಲಹೊಂಗಲದಾಗ ಪೇಢೆ ತಗೊಂಡು ಫ್ಯಾಕ್ಟರಿ ಮುಂದ ಪಾಳೆ ಹಚ್ಚಿದ ಟ್ರ್ಯಾಕ್ಟರಿನವರಿಗೆಲ್ಲಾ ಹಂಚಿ ಬಂದಾರ. ಯಾಕಂತ ಕೇಳಿದವರಿಗೆ, "ಸುಮ್ಮ ತಿನ್ರಿ" ಅಂದ್ರಂತ.

ನಿಂಗರಾಜ ಬ್ಯಾರೆ ಮಲಗತಾನಂದ್ರ ಶಾಣ್ಯಾ ಆಗ್ಯಾನ. ಇನ್ನ ಏಣಿ ಹತ್ತಬ್ಯಾಡ, ವಿಮಾನಂತೂ ಬ್ಯಾಡೇ ಬ್ಯಾಡ. ಈ ಪತ್ರದ ಕೂಡ ಹುಣಸಿ ಚಿಗಳಿ ಪಾರ್ಸಲ್ ಹಾಕೇನಿ. ಬಾಯಿ ಕೆಟ್ಟಾಗ ಚೀಪು. ಅವಗ ಕೊಡಬ್ಯಾಡ.

ನಿಮ್ಮ ಅತ್ತಿ

*

ವಾಯುದಳದ ಕ್ಯಾಂಪ್
೨೦ ಡಿಸೆಂಬರ್ ೧೯೯೬

ಪ್ರೀತಿಯ ಅತ್ತೆಯವರಿಗೆ,

ಶರಣು. ಮೊದಲು ಕೆಟ್ಟ ಸುದ್ದಿ ಹೇಳಿಬಿಡುತ್ತೇನೆ. ನೀವು ತಿಳಿದದ್ದು ಅಲ್ಲ. ಮಾವನವರು ಪೇಢೆ ಹಂಚಿದ್ದನ್ನು ಓದಿ ನನಗೆ ಅಳು, ನಗು ಎರಡೂ ಒಟ್ಟಿಗೆ ಬಂದವು. ಚಿಗಳಿಯನ್ನು ನಿಮ್ಮ ಮಗ ತಿಂದು ಮುಗಿಸಿದ್ದಾರೆ. ನನಗೆ ಅನ್ನ ಸೇರದೆ ಇದ್ದದ್ದು ಅಕ್ಕಿಯ ಕಾರಣಕ್ಕೇ, ಆದರೆ ಬೇರೆ ಅಕ್ಕಿ.

ಪೂಜೆಯ ದಿನ ಏಣಿಯ ಬಳಿ ಇವರೇ ನಿಂತು ಎಲ್ಲ ಹೆಂಗಸರ ಕೈ, ಕಿವಿ, ಸೆರಗು ನೋಡಿ ಒಳಗೆ ಬಿಡುತ್ತಿದ್ದರು. ನನ್ನನ್ನು ನೋಡಲಿಲ್ಲ. ಮನೆಯವಳಲ್ಲವೇ, ಗೊತ್ತಿರುತ್ತದೆ ಎಂಬ ನಂಬಿಕೆ. ನನ್ನ ಸೊಂಟದಲ್ಲಿ ಸೀರೆಯೊಳಗೆ ಎಲ್ಲ ಇತ್ತು.

ನೀವು ಹೇಳಿದಂತೆಯೇ ಮಾಡಿದೆ. ಕುರ್ಚಿಯ ಮೇಲೆ ಖಣ ಹಾಸಿ, ಭಂಡಾರ ಹಚ್ಚಿ, ಒಂದೊಂದಾಗಿ ಎಲ್ಲ ಹಾಕಿದೆ. ಕುರ್ಚಿಯ ಮೇಲಿನ ಗಾಜಿನ ಗುಮ್ಮಟದಿಂದ ಬಿಸಿಲು ನೇರ ಖಣದ ಮೇಲೆ ಬಿದ್ದಿತ್ತು. ಅಷ್ಟು ಕಪ್ಪು ಮುಳ್ಳು, ಗುಂಡಿಗಳ ನಡುವೆ ಆ ಹಸಿರು, ಆ ಹಳದಿ! ನಿಮಗೆ ತೋರಿಸಬೇಕಿತ್ತು. ಗಂಟು ಹಾಕಲು ಖಣದ ತುದಿಗಳನ್ನು ಎತ್ತಿದೆ. ಒಂದು ತುದಿ ಕುರ್ಚಿಯ ಪಟ್ಟಿಯ ಲೋಹದ ಕೊಂಡಿಗೆ ಸಿಕ್ಕಿಕೊಂಡಿತ್ತು. ನಾನು ಜಗ್ಗಿದೆ. ಅಕ್ಕಿ ಕುರ್ಚಿಯ ಸಂದಿಯಿಂದ ಕೆಳಗೆ ಸುರಿಯಿತು.

ಅದೇ ಸದ್ದು ಮೊರದಲ್ಲಿ ಕೇಳಿದರೆ ಎಷ್ಟು ಹಿತ. ಅಲ್ಲಿ ಕೇಳಿದ ಕೂಡಲೇ ಬಗ್ಗಿದೆ. ಕೈಗೆ ಸಿಕ್ಕಷ್ಟು ಬಾಚಿ ಕಟ್ಟಿಕೊಂಡೆ. ಕೆಳಗೆ ತಂತಿ, ಸಲಾಕೆಗಳ ನಡುವೆ ಹೋದದ್ದು ಕಾಣಲೂ ಇಲ್ಲ. ಇಳಿಯುವಾಗ ಇವರು ಎಲ್ಲರನ್ನೂ ಕೇಳುವಂತೆ ನನ್ನನ್ನೂ ಕೇಳಿದರು, ಏನಾದರೂ ಬಿತ್ತೇ ಎಂದು. ನಾನು ತಲೆ ಆಡಿಸಿ ಇಲ್ಲ ಎಂದೆ.

ಶಾಮಿಯಾನದಲ್ಲಿ ಯಾರೋ ಚಹಾ ಕೊಟ್ಟರು. ಪಕ್ಕದಲ್ಲೇ ಸಾವಂತ ಸಾಹೇಬರು ನಿಂತಿದ್ದರು. ಮರುದಿನ ವಿಮಾನ ಹಾರಿಸಬೇಕಾದವರು ಅವರೇ. ನಾಳೆ ಮಧ್ಯಾಹ್ನದ ಊಟ ಅಲ್ಲೇ, ಸಂಜೆ ರೈಲಿಗೆ ಹೊರಟು ಬರುತ್ತೇನೆ ಎಂದು ಹೆಂಡತಿಗೆ ಹೇಳುತ್ತಿದ್ದರು. ನಾನು ಚಹಾ ಇಟ್ಟು ತಿರುಗಿ ಹೋದೆ. ಇವರು ಸಹಿ ಹಾಕಲು ಪೆನ್ನು ತೆಗೆದಿದ್ದರು.

"ಅಕ್ಕಿ ಬಿದ್ದಾವ್ರಿ" ಎಂದೆ.

"ಎಲ್ಲೆ?"

"ಕುರ್ಚಿ ಕೆಳಗ."

"ಯಾರು ಒಯ್ದಿದ್ರು?"

"ನಾ."

ಇವರು ಬೈಯಲಿಲ್ಲ ಅತ್ತೆ. ಪೆನ್ನು ಮುಚ್ಚಿ ಜೇಬಿಗೆ ಹಾಕಿಕೊಂಡು ಮೇಲಧಿಕಾರಿಯ ಹತ್ತಿರ ನಡೆದು ಹೋದರು. ಹಾರಾಟ ರದ್ದಾಯಿತು. ಕುರ್ಚಿ ಎತ್ತಿದರು, ನೆಲದ ತಗಡು ಬಿಚ್ಚಿದರು, ಟಾರ್ಚು ಹಿಡಿದು ಬೋರಲು ಮಲಗಿ ಹುಡುಕಿದರು. ಹೆಂಡತಿಯನ್ನೇ ನೋಡಿಕೊಳ್ಳಲಾರದವನು ವಿಮಾನ ಏನು ನೋಡಿಕೊಂಡಾನು ಎಂದು ಮೇಲಧಿಕಾರಿ ಹಿಂದಿಯಲ್ಲಿ ಅಂದದ್ದು ನನಗೂ ಕೇಳಿಸಿತು. ಇವರನ್ನು ಆ ವಿಮಾನದಿಂದ ತೆಗೆದರು. ಸಹಿಯೂ ಇಲ್ಲ, ಮುಂದೆ ನಿಂತು ಕಳಿಸುವುದೂ ಇಲ್ಲ. ಅದನ್ನು ಇನ್ನೊಬ್ಬರಿಗೆ ಕೊಟ್ಟರು. ಅಷ್ಟರಲ್ಲಿ ಮಂಜು ಕವಿದು ದಿನಗಟ್ಟಲೆ ಯಾವುದೂ ಹಾರಲಿಲ್ಲ. ಮನೆಯಲ್ಲಿ ಇವರ ಮಾತೂ ನಿಂತಿತು.

ಬೈದಿದ್ದರೆ ನಾನೂ ನಾಲ್ಕು ಮಾತು ಆಡಿ ಅತ್ತು ಹಗುರಾಗುತ್ತಿದ್ದೆ. ಇವರು ಹೊರಗಿನ ಕೋಣೆಯಲ್ಲಿ ಹಾಸಿಕೊಂಡು ಗೋಡೆ ನೋಡುತ್ತ ಮಲಗುತ್ತಿದ್ದರು. ನಿಮ್ಮ ಹೆಸರು ನಾನು ಹೇಳಿರಲಿಲ್ಲ. ಅಷ್ಟು ದೂರದಿಂದ ಪ್ರೀತಿಯಿಂದ ಕಳಿಸಿದವರ ಮೇಲೆ ಹೇಗೆ ಹಾಕಲಿ? ಮಾಡಿದವಳು ನಾನು.

ಆಗ ನಿಮ್ಮ ಪತ್ರ, ಚಿಗಳಿ ಬಂದವು. ನಾನು ಸ್ನಾನಕ್ಕೆ ಹೋಗಿದ್ದೆ. ಬಂದು ನೋಡಿದರೆ ಇವರು ಬಾಗಿಲಲ್ಲಿ ಕೂತು ಪತ್ರ ಓದುತ್ತ ಚಿಗಳಿ ಚೀಪುತ್ತಿದ್ದಾರೆ. ಎಷ್ಟೋ ದಿನಗಳ ಮೇಲೆ ಬಾಯಿ ತೆರೆದು, "ಅವ್ವ ಹೇಳಿದ್ಲೇನು?" ಎಂದರು.

"ಹೇಳಿದವರು ಅತ್ತಿ. ಬೀಳಿಸಿದಾಕಿ ನಾನ" ಎಂದೆ.

ಆಮೇಲೆ, ಪತ್ರದ ಉಳಿದ ಮಾತು ನಿಜವೇ ಎಂದು ಬಹಳ ಸಣ್ಣ ದನಿಯಲ್ಲಿ ಕೇಳಿದರು. ಅಲ್ಲ ಎಂದೆ. ಮಾವನವರ ಪೇಢೆ ನೆನಪಾಗಿ ಇಬ್ಬರಿಗೂ ಒಟ್ಟಿಗೇ ನಗು ಬಂತು, ಆದರೆ ಇವರು ಬೇಗನೆ ನಿಲ್ಲಿಸಿ ಎದ್ದು ಹೋದರು.

ಮರುದಿನ ಸಂಜೆ ಒಂದು ಪ್ಲಾಸ್ಟಿಕ್ ಚೀಲ ತಂದು ನನ್ನ ಮುಂದೆ ಇಟ್ಟರು. ವಿಮಾನದ ಹೊಟ್ಟೆಯಿಂದ ಹೆಕ್ಕಿದ ಅಕ್ಕಿ! ಕೆಲಸದ ಜಾಗದಲ್ಲಿ ಎಲ್ಲರೂ ನಗಲಿ ಎಂದು ಅದನ್ನು ಇವರ ಮೇಜಿನ ಮೇಲೆ ಇಟ್ಟಿದ್ದರಂತೆ. ಪಕ್ಕದಲ್ಲಿ ನಿಮ್ಮ ಖಣ ಇಟ್ಟು, ಸೂಜಿ-ದಾರದ ಡಬ್ಬಿಯನ್ನೂ ಇಟ್ಟರು.

"ಗಂಟ ಹಾಕಿದ್ರ ಬಿಚ್ಚತೈತಿ. ಹೊಲಿ" ಎಂದರು.

ಸಾವಂತ ಸಾಹೇಬರನ್ನು ತಾವೇ ಹೋಗಿ ಕೇಳಿ ಬಂದಿದ್ದರು, ಅತ್ತೆ! ಯಾರ ಎದುರೂ ತಲೆ ಎತ್ತಲು ನಾಚುತ್ತಿದ್ದವರು, ಅವಳಿಗೆ ಉಡಿ ಒಯ್ಯಿರಿ ಎಂದು ಕೇಳಿದರಂತೆ. ನಾನು ಖಣದೊಳಗೆ ಆ ಅಕ್ಕಿಯನ್ನೂ ಉಳಿದ ಉಡಿ ಸಾಮಾನನ್ನೂ ಹಾಕಿ, ದಾರ ಎರಡೆಳೆ ಮಾಡಿ ನಾಲ್ಕೂ ಕಡೆ ಹೊಲಿದೆ. ಇವರು ದೀಪದ ಕೆಳಗೆ ಹಿಡಿದು ಒಂದೊಂದು ಹೊಲಿಗೆಯನ್ನೂ ಉಗುರಿನಿಂದ ಜಗ್ಗಿ ನೋಡಿ, ಒಂದು ಮೂಲೆ ಪಾಸಿಲ್ಲ ಎಂದು ಬಿಚ್ಚಿಸಿ ಮತ್ತೆ ಹೊಲಿಸಿದರು. ನನಗೆ ಆ ಮೂಲೆಯನ್ನು ಹತ್ತು ಸಲ ಹೊಲಿದರೂ ಸಾಕಾಗುತ್ತಿರಲಿಲ್ಲ, ಅಷ್ಟು ಸಂತೋಷ.

ಮೊನ್ನೆ ಮಂಜು ಸರಿಯಿತು. ಇಡೀ ಕ್ಯಾಂಪ್ ಬಂದಿತ್ತು. ಸಾವಂತ ಸಾಹೇಬರು ಕೊಲ್ಲಾಪುರದ ಕಡೆಯವರು. ನಮ್ಮಲ್ಲಿ ಇದಕ್ಕೆ ಓಟಿ ಅನ್ನುತ್ತೇವೆ, ನನ್ನ ಆಯಿ ಎಮ್ಮೆ ಮಾರಿದಾಗಲೂ ತುಂಬಿದ್ದಳು ಎಂದು ನಗುತ್ತ, ಉಡಿಯನ್ನು ತಮ್ಮ ಉಡುಪಿನ ತೊಡೆಯ ಜೇಬಿಗೆ ಹಾಕಿ ಜಿಪ್ ಎಳೆದರು. ಆಮೇಲೆ ಆ ಮೇಲಧಿಕಾರಿಯ ಎದುರೇ ನಿಮ್ಮ ಮಗನನ್ನು ಕರೆದು, ನೋಡಪ್ಪಾ, ಸರಿಯಿದೆಯೇ ಎಂದರು. ಇವರು ಬಗ್ಗಿ ಜಿಪ್ಪಿನ ತುದಿ ಜಗ್ಗಿ ನೋಡಿ, ನೆಟ್ಟಗೆ ನಿಂತು, "ಪಾಸ್, ಸರ್" ಎಂದರು.

ಎಂಜಿನ್ ಚಾಲೂ ಆಗುವುದು ಬಂದೂಕಿನಂತೆ ತೋಟಾ ಸಿಡಿಸಿ. ಢಂ ಎಂದಿತು, ಕರಿ ಹೊಗೆ ಎದ್ದಿತು, ಹೆಂಗಸರೆಲ್ಲ ಕಿವಿ ಮುಚ್ಚಿ ಕಿರುಚಿದೆವು, ನಾನು ಎಲ್ಲರಿಗಿಂತ ಜೋರಾಗಿ! ಮುಂದೆ ನಿಂತು ಕೈ ತೋರಿಸಿ ಸಲ್ಯೂಟ್ ಹೊಡೆದವರು ಬೇರೆಯವರು. ಇವರು ನನ್ನ ಪಕ್ಕದಲ್ಲಿ ಹೆಂಗಸರ ಸಾಲಿನಲ್ಲಿ ನಿಂತಿದ್ದರು. ನಾನು ಇವರ ಮುಖ ನೋಡಲು ಹೆದರಿ ವಿಮಾನವನ್ನೇ ನೋಡುತ್ತಿದ್ದೆ. ಅದು ಓಡಿ, ಮೂಗು ಎತ್ತಿ, ನೆಲ ಬಿಟ್ಟಿತು. ಆಗ ಇವರು ನನ್ನ ಕೈ ಹಿಡಿದರು, ಅಷ್ಟು ಜನರ ನಡುವೆ.

"ಇಷ್ಟ ವರ್ಷದಾಗ ಅಕಿ ಏರೂದನ್ನ ನಾ ನೋಡೇ ಇದ್ದಿಲ್ಲ" ಎಂದರು. "ಕಳಿಸಿದ ಕೂಡ್ಲೆ ಹೊಳ್ಳಿ ಮುಂದಿನ ಕೆಲಸಕ್ಕ ಹೋಗತಿದ್ದೆ."

ಅದು ಚುಕ್ಕೆಯಾಗಿ ಮಾಯವಾಗುವವರೆಗೂ ಇಬ್ಬರೂ ನಿಂತೆವು. ಮನೆಗೆ ಬಂದು ನಾನು ಅನ್ನ ಮಾಡಿದೆ, ಹೊಟ್ಟೆ ತುಂಬ ಉಂಡೆವು. ಮಾವನವರಿಗೆ ಊಟದ ಸುದ್ದಿ ಇಷ್ಟೇ. ಪೇಢೆಯ ವಿಷಯ ನೀವೇ ಹೇಗಾದರೂ ಹೇಳಿ.

ನಿಮ್ಮ ಮಗ ಪೆನ್ನು ಕೇಳುತ್ತಿದ್ದಾರೆ. ನಾನು ಓದಬಾರದಂತೆ.

ನಿಮ್ಮ ಶೈಲಜಾ

ಅವ್ವಾ,

ಅಕ್ಕಿ ಬಿದ್ದದ್ದು ಯಾರೂ ನೋಡಿದ್ದಿಲ್ಲ. ಶೈಲಾ ಸುಮ್ಮ ಕುಂತಿದ್ರ ನಾ ಸಹಿ ಮಾಡತಿದ್ದೆ, ಸಾಹೇಬ್ರು ಹಾರತಿದ್ರು. ಅಷ್ಟ ಮಂದ್ಯಾಗ ಅಕಿ ತಿರಗಿ ಬಂದು ಹೇಳಿದ್ಲು. ಅದನ್ನ ಭಾಳ ಸಣ್ಣದು ಮಾಡಿ ಬರದಿರತಾಳ, ಅದಕ್ಕ ನಾ ಬರಿಯಾಕ ಹತ್ತೇನಿ. ಅಕಿಗೆ ಬೈಬ್ಯಾಡ. ನನಗ ಬ್ಯಾರೆ ವಿಮಾನ ಕೊಟ್ಟಾರ.

ನಿನ್ನೆ ಸಾಹೇಬ್ರು ಫೋನ್ ಮಾಡಿದ್ರು. ಅಕಿ ಆರಾಮ ಮುಟ್ಟಿದ್ಲಂತ. ಎಂಜಿನ್ ಆರಿಸಿ, ಇಳಿಯೂ ಮುಂದ ಉಡಿ ಕುರ್ಚಿ ಮ್ಯಾಲೆ ಇಟ್ಟು ಬಾಗಲಾ ಹಾಕ್ಯಾರ. ಒಂದ ಹೊಲಿಗಿ ಬಿಚ್ಚಿಲ್ಲ ಅಂದ್ರು.

ನಿಂಗರಾಜ